ಕೊಂಬಿಲ್ಲದ ಬುರುಡೆ ಯಾರದು? ಜಗಳೂರು ಕಾಡಂಚಿನ ಒಂದು ಪ್ರಕರಣ

ಮಾರ್ಚ್ ತಿಂಗಳು. ದಾವಣಗೆರೆ ಜಿಲ್ಲೆ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕಾಡಿನ ಅಂಚಿನಲ್ಲಿ ಮೆಕ್ಕೆಜೋಳ ಕಟಾವಾಗಿ ಹೊಲಗಳು ಬಯಲಾಗಿವೆ. ಅಂಥದೊಂದು ಹೊಲದ ಬದುವಿನ ಮೇಲೆ, ಬಂದರೆ ಎಂಬ ಗಿಡದ ಬುಡದಲ್ಲಿ ಗಸ್ತಿನವರಿಗೆ ಒಂದು ತಲೆಬುರುಡೆ ಸಿಗುತ್ತದೆ. ಕೊಂಬಿಲ್ಲ. ಕೆಳದವಡೆ ಇಲ್ಲ. ಮೂತಿಯ ತುದಿ ಮುರಿದಿದೆ. ಕಣ್ಣುಗೂಡಿನ ಮುಂದೆ ಎರಡೂ ಕಡೆ ಒಂದೊಂದು ಕುಳಿ ಕಾಣುತ್ತದೆ. ಇಳಿಹೊತ್ತಿನ ಬಿಸಿಲಿನಲ್ಲಿ ಮೊಬೈಲಿನಲ್ಲಿ ಒಂದು ಫೋಟೊ ತೆಗೆದು ಕಳಿಸುತ್ತಾರೆ. ಅರ್ಧ ಗಂಟೆಯೊಳಗೆ ಉತ್ತರ ಬರುತ್ತದೆ: ‘ಕೊಂಡುಕುರಿ, ಹೆಣ್ಣು.’

ಆ ಉತ್ತರ ತಪ್ಪು. ಎರಡು ಪದಗಳಲ್ಲಿ ಎರಡೂ ಆಧಾರವಿಲ್ಲದವು. ಅದು ತಪ್ಪೆಂದು ಹೇಗೆ ಗೊತ್ತಾಯಿತು, ಯಾವ ಹಂತದಲ್ಲಿ ಎಲ್ಲಿ ಕಾಲು ಜಾರುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ಇಟ್ಟಿದೆ. ಸಸ್ತನಿಗಳ ವರ್ಗೀಕರಣವನ್ನು ಜೀವನದ ಕೆಲಸವಾಗಿ ಆರಿಸಿಕೊಳ್ಳುವ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳಿಗೆ ಕಲಿಸಲೆಂದು ರೂಪಿಸಿದ ಪ್ರಕರಣ ಇದು. ಊರು, ವ್ಯಕ್ತಿಗಳ ಹೆಸರಿಲ್ಲ. ಕೆಲಸದ ಕ್ರಮ ಮತ್ತು ಆಗುವ ತಪ್ಪುಗಳು ಮಾತ್ರ ಈ ವೃತ್ತಿಯಲ್ಲಿ ದಿನನಿತ್ಯ ಕಾಣುವಂಥವು.

ಒಂದು ಬುರುಡೆಯ ಹೆಸರಿಗೆ ಇಷ್ಟು ಶ್ರಮ ಯಾಕೆ? ರಂಗಯ್ಯನದುರ್ಗದ ಸುಮಾರು 77 ಚದರ ಕಿಲೋಮೀಟರ್ ಕಾಡು 2011ರಲ್ಲಿ ವನ್ಯಜೀವಿ ಧಾಮವಾದದ್ದೇ ಕೊಂಡುಕುರಿಗಾಗಿ. ನಾಲ್ಕು ಕೊಂಬಿನ ಈ ಹುಲ್ಲೆ ಭಾರತ ಮತ್ತು ನೇಪಾಳ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಕಾಡುಪ್ರಾಣಿಯಾಗಿ ಇಲ್ಲ. ಅದರ ಬುರುಡೆ ಧಾಮದ ಹೊರಗಿನ ಹೊಲದಲ್ಲಿ ಸಿಕ್ಕಿತೆಂದರೆ ಪ್ರಾಣಿ ಅಲ್ಲಿಯವರೆಗೆ ಓಡಾಡುತ್ತದೆ ಎಂದಾಯಿತು, ಅಥವಾ ಯಾರೋ ಬೇಟೆಯಾಡಿದ್ದಾರೆ ಎಂದಾಯಿತು. ಒಂದು ಮಾತು ನಕ್ಷೆಯ ಗಡಿಯನ್ನು ಬದಲಿಸುತ್ತದೆ, ಇನ್ನೊಂದು ಬಡ ರೈತನೊಬ್ಬನನ್ನು ಠಾಣೆಗೆ ಎಳೆಯುತ್ತದೆ. ದಾಖಲೆಗೆ ಒಮ್ಮೆ ಹತ್ತಿದ ತಪ್ಪು ಹೆಸರನ್ನು ಮುಂದಿನವರು ನಂಬಿ ಎತ್ತಿಕೊಳ್ಳುತ್ತಾರೆ, ಬುರುಡೆಯನ್ನು ಮತ್ತೆ ತೆರೆದು ನೋಡುವವರು ಕಡಿಮೆ.

ಮೊದಲ ತೊಡಕು ಹೆಸರಿನದೇ. ನಮ್ಮ ಕಡೆ ಕೊಂಡುಕುರಿ, ಕಾಡುಕುರಿ ಎರಡೂ ಹೆಸರು ಬಾಯಲ್ಲಿ ಬೆರೆತುಹೋಗಿವೆ. ಕೊಂಡುಕುರಿ ಎಂದರೆ ಟೆಟ್ರಾಸೆರಸ್ ಕ್ವಾಡ್ರಿಕಾರ್ನಿಸ್: ಹುಲ್ಲೆ, ದನ ಮತ್ತು ಕುರಿಗಳ ಕುಟುಂಬದ್ದು, ಕೊಂಬು ಉದುರುವುದಿಲ್ಲ. ಕಾಡುಕುರಿ ಎಂದರೆ ಬೊಗಳುವ ಜಿಂಕೆ, ಮಂಟಿಯಾಕಸ್ ಕುಲದ್ದು: ಜಿಂಕೆಗಳ ಕುಟುಂಬ, ಗಂಡಿನ ಕವಲುಗೊಂಬು ಉದುರಿ ಮತ್ತೆ ಬರುತ್ತದೆ. ಹೆಸರಿನಲ್ಲಿ ಒಂದೆರಡು ಅಕ್ಷರದ ಅಂತರ, ದೇಹದಲ್ಲಿ ಕುಟುಂಬದ ಅಂತರ. ಕೊಂಡುಕುರಿಯ ಜೀವಕೋಶದಲ್ಲಿ 38 ವರ್ಣತಂತುಗಳಿವೆ. ಭಾರತದ ಕಾಡುಕುರಿಯ ಹೆಣ್ಣಿನಲ್ಲಿ 6, ಗಂಡಿನಲ್ಲಿ 7. ಸಸ್ತನಿಗಳಲ್ಲೇ ಇಷ್ಟು ಕಡಿಮೆ ಸಂಖ್ಯೆ ತೀರಾ ಅಪರೂಪ. ಒಣಗಿದ ಬುರುಡೆಯಿಂದ ವರ್ಣತಂತು ಎಣಿಸಲು ಬರುವುದಿಲ್ಲ, ಆದರೂ ಊರಿನವರು ‘ಕಾಡುಕುರಿ ನೋಡಿದ್ವಿ’ ಎಂದಾಗ ಅದನ್ನು ಅವರ ಬಾಯಿಯ ಪದದಲ್ಲೇ ಬರೆದುಕೊಂಡು ಪಕ್ಕದಲ್ಲಿ ಬಣ್ಣ, ಕೊಂಬು, ಕೂಗು ಕೇಳಿ ತುಂಬಿಸಬೇಕು ಎನ್ನುವುದಕ್ಕೆ ಇದು ಸಾಕಷ್ಟು ಕಾರಣ.

ಕೊಂಡುಕುರಿಗೂ ಕನ್ನಡ ನಾಡಿಗೂ ವರ್ಗೀಕರಣದ ಚರಿತ್ರೆಯಲ್ಲಿ ಹಳೆಯ ನಂಟಿದೆ. ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ಬ್ಲೇನ್‌ವಿಲ್ 1816ರಲ್ಲಿ ಈ ಪ್ರಭೇದಕ್ಕೆ ಶಾಸ್ತ್ರೀಯ ಹೆಸರಿಟ್ಟರು. 1839ರಲ್ಲಿ ಧಾರವಾಡ ಸೀಮೆಯ ಸಸ್ತನಿಗಳ ಪಟ್ಟಿ ಮಾಡಿದ ವಾಲ್ಟರ್ ಎಲಿಯಟ್, ಇಲ್ಲಿನ ಗಂಡುಗಳಲ್ಲಿ ಮುಂದಿನ ಜೋಡಿ ಕೊಂಬು ಬರೀ ಗುಬುಟಿನಂತಿರುವುದನ್ನು ಕಂಡು ‘ಅರೆ ನಾಲ್ಕು ಕೊಂಬಿನದು’ ಎಂಬ ಅರ್ಥದ ಬೇರೆ ಹೆಸರು ಕೊಟ್ಟರು. 1824ರ ಕಿತ್ತೂರು ಕದನದಲ್ಲಿ ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕ ಇಬ್ಬರು ಕಂಪನಿ ಅಧಿಕಾರಿಗಳಲ್ಲಿ ಒಬ್ಬರು ಇದೇ ಎಲಿಯಟ್. ಅವರು ಕೊಟ್ಟ ಹೆಸರು ಈಗ ದಕ್ಷಿಣದ ಉಪಪ್ರಭೇದಕ್ಕೆ ನಿಂತಿದೆ. ಆ ಉಪಪ್ರಭೇದವನ್ನು ಹೇಳುವುದಕ್ಕೆ ಗಂಡಿನ ಕೊಂಬೇ ಮುಖ್ಯ. ಆದ್ದರಿಂದ ಕೊಂಬಿಲ್ಲದ ಬುರುಡೆ ಸಿಕ್ಕಾಗ, ಅದು ನಿಜವಾಗಿ ಕೊಂಡುಕುರಿಯದೇ ಆಗಿದ್ದರೂ, ಉಪಪ್ರಭೇದದ ಮಾತನ್ನು ಎತ್ತಬಾರದು.

ಸ್ಥಳದಲ್ಲಿ ಮಾಡಬೇಕಾದದ್ದು

ಕೊಂಡುಕುರಿ, ಕೃಷ್ಣಮೃಗ, ಚಿಂಕಾರ (ಇದೂ ಒಂದು ಸಣ್ಣ ಹುಲ್ಲೆ) ಮೂರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಕಾಡುಪ್ರಾಣಿಯ ಮೂಳೆ ಸರ್ಕಾರದ ಸ್ವತ್ತು. ಕೈಗೆ ಬಂದ 48 ಗಂಟೆಯೊಳಗೆ ಅಧಿಕಾರಿಗೆ ಅಥವಾ ಹತ್ತಿರದ ಠಾಣೆಗೆ ತಿಳಿಸಬೇಕು ಎನ್ನುತ್ತದೆ 39ನೇ ಕಲಂ. ಇಲ್ಲಿ ಗಸ್ತಿನವರೇ ಕಂಡದ್ದರಿಂದ ಮಹಜರು ಸುಲಭವಾಯಿತು. ಸಂಶೋಧಕರಿಗೆ ಹೊಲದಲ್ಲಿ ಸಿಕ್ಕಿದ್ದರೆ ಅದನ್ನು ಚೀಲಕ್ಕೆ ಹಾಕಿಕೊಂಡು ಕಾಲೇಜಿಗೆ ತರುವುದು ಅಪರಾಧವಾಗುವ ಸಾಧ್ಯತೆ ಇದೆ. ಧಾಮದೊಳಗೆ ಅಧ್ಯಯನಕ್ಕೆ ಹೋಗಲು ಬೇರೆ ಅನುಮತಿ, ಮಾದರಿ ತೆಗೆಯಲು ಬೇರೆ ಅನುಮತಿ. ಈ ಕಾಗದಗಳಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಹಾಗಾಗಿ ಕ್ಷೇತ್ರಕಾರ್ಯದ ಯೋಜನೆಯಲ್ಲಿ ಅದನ್ನೇ ಮೊದಲು ಬರೆಯಬೇಕು.

ಕುರಿನಾಡಿನಲ್ಲಿ ಇನ್ನೊಂದು ಎಚ್ಚರ ಬೇಕು. ಬುರುಡೆಯ ಹಿಂಭಾಗದಲ್ಲಿ ಒಣಗಿದ ಚರ್ಮ ಅಂಟಿಕೊಂಡಿತ್ತು. ನೆರಡಿ ರೋಗದ (ಆಂಥ್ರಾಕ್ಸ್) ಬೀಜಕಣಗಳು ಮಣ್ಣಿನಲ್ಲಿ, ಒಣಚರ್ಮದಲ್ಲಿ ದಶಕಗಟ್ಟಲೆ ಜೀವ ಹಿಡಿದಿರಬಲ್ಲವು. ಕೈಗವಸು ಮತ್ತು ಮುಖಗವಸು ಇಲ್ಲದೆ ಮುಟ್ಟಬಾರದು. ಆ ಸುತ್ತಿನಲ್ಲಿ ನೆರಡಿಯಿಂದ ಕುರಿ ಸತ್ತ ವರದಿ ಇದೆಯೇ ಎಂದು ಪಶುವೈದ್ಯರನ್ನು ಕೇಳಿದ ಮೇಲೆಯೇ ಕೆರೆಯುವ, ಕೊರೆಯುವ ಕೆಲಸ. ಈ ಪ್ರಕರಣದಲ್ಲಿ ಮೊದಲು ಎತ್ತಿದವರು ಬರಿಗೈಯಲ್ಲಿ ಎತ್ತಿದರು. ಅದರ ಫಲ ಪ್ರಯೋಗಾಲಯದಲ್ಲಿ ಕಾಣಿಸಿಕೊಂಡಿತು, ಮುಂದೆ ಬರುತ್ತದೆ.

ಎತ್ತುವ ಮುನ್ನ ಜಿಪಿಎಸ್ ಅಂಕಿ ಬರೆದುಕೊಳ್ಳಬೇಕು. ದಶಮಾಂಶದ ಐದು ಸ್ಥಾನದವರೆಗೆ ಬರೆದರೆ ಒಂದು ಮೀಟರಿನಷ್ಟು ನಿಖರ. ಆದರೆ ಅಪಾಯದಲ್ಲಿರುವ ಪ್ರಾಣಿಯ ದಾಖಲೆ ಪ್ರಕಟಿಸುವಾಗ ಎರಡೇ ಸ್ಥಾನ ಸಾಕು, ಆಗ ಜಾಗ ಒಂದು ಕಿಲೋಮೀಟರಿನಷ್ಟು ಮಸುಕಾಗುತ್ತದೆ. ಜಿಲ್ಲೆಯ ಹೆಸರನ್ನಷ್ಟೇ ನಂಬುವುದು ನಮ್ಮಲ್ಲಿ ಅಪಾಯಕಾರಿ. 1997ರ ಆಗಸ್ಟ್‌ಗೆ ಮುಂಚಿನ ಮಾದರಿ ಚೀಟಿಗಳಲ್ಲಿ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿದೆ. ಹರಪನಹಳ್ಳಿ ಬಳ್ಳಾರಿಯಿಂದ ದಾವಣಗೆರೆಗೆ ಬಂದು, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರಕ್ಕೆ ಸೇರಿತು. ಹಳೆಯ ಮಾದರಿಗಳನ್ನು ಜಿಲ್ಲಾವಾರು ಎಣಿಸಿದವರು ಒಂದೇ ಊರನ್ನು ಮೂರು ಕಡೆ ಲೆಕ್ಕ ಹಿಡಿಯುವುದು ಹೀಗೆಯೇ.

ಅಲ್ಲೇ ಮಂದೆ ಮೇಯಿಸುತ್ತಿದ್ದ ಹಿರಿಯ ಕುರಿಗಾಹಿಯೊಬ್ಬರಿಗೆ ಬುರುಡೆ ತೋರಿಸಲಾಯಿತು. ‘ಯಜಮಾನ್ರೇ, ಇದು ಯಾವುದ್ರದ್ದು ಅಂತೀರಿ?’ ಎಂಬ ಪ್ರಶ್ನೆಗೆ ಅವರು ಅಂಗುಳು ಮೇಲೆ ಮಾಡಿ, ಹಲ್ಲುಸಾಲಿನ ಹಿಂದೆ ಬೆರಳಾಡಿಸಿ, ‘ಕುರಿಮರಿದು ಸಾರ್. ಕಡೇ ಹಲ್ಲು ಇನ್ನೂ ಬಂದೇ ಇಲ್ಲ ನೋಡ್ರಿ’ ಎಂದರು. ಅವರ ಮಾತು ಟಿಪ್ಪಣಿ ಪುಸ್ತಕಕ್ಕೆ ಹತ್ತಿತು, ಆದರೆ ‘ಕುರಿ ಎನ್ನುತ್ತಾರೆ’ ಎಂದಷ್ಟೇ. ಅವರು ಕೊಟ್ಟ ಕಾರಣವನ್ನು ಯಾರೂ ಬರೆಯಲಿಲ್ಲ. ಇಡೀ ಪ್ರಕರಣದ ಕೀಲಿ ಆ ಕಾರಣದಲ್ಲಿತ್ತು. ಬರೆದುಕೊಂಡಿದ್ದರೆ ಮೂರು ವಾರ ಉಳಿಯುತ್ತಿತ್ತು.

ಯಾರ್ಯಾರು ಆಗಿರಬಹುದು

ಗುರುತಿಸುವ ಕೆಲಸ ಶುರುವಾಗುವುದು ಅಭ್ಯರ್ಥಿಗಳ ಪಟ್ಟಿಯಿಂದ, ಮತ್ತು ಪಟ್ಟಿ ಶುರುವಾಗಬೇಕಾದ್ದು ಅತ್ಯಂತ ಸಾಮಾನ್ಯ ಪ್ರಾಣಿಯಿಂದ. ದಾವಣಗೆರೆ, ಚಿತ್ರದುರ್ಗ, ಬಳ್ಳಾರಿಯ ಬಯಲಲ್ಲಿ ಅದು ಬಳ್ಳಾರಿ ತಳಿಯ ಕುರಿ. ಈ ತಳಿಯ ಹೆಣ್ಣುಗಳಿಗೆ ಸಾಮಾನ್ಯವಾಗಿ ಕೊಂಬಿರುವುದಿಲ್ಲ. ಟಗರುಗಳಲ್ಲೂ ಸುಮಾರು ಮೂರನೇ ಒಂದು ಪಾಲಿಗೆ ಮಾತ್ರ ಕೊಂಬು. ಆದ್ದರಿಂದ ಈ ಸೀಮೆಯಲ್ಲಿ ಕೊಂಬಿಲ್ಲದ ಬುರುಡೆ ಕಂಡರೆ ಮೊದಲು ಬಾಯಿಗೆ ಬರಬೇಕಾದ ಹೆಸರು ಇದೇ. ಆಮೇಲೆ ಮೇಕೆ. ಕಾಡಿನವುಗಳಲ್ಲಿ ಕೊಂಡುಕುರಿಯ ಹೆಣ್ಣು, ಕೃಷ್ಣಮೃಗದ ಹೆಣ್ಣು (ರಾಣೆಬೆನ್ನೂರಿನ ಕೃಷ್ಣಮೃಗ ಧಾಮ ದಾವಣಗೆರೆಗೆ ದೂರವಲ್ಲ), ಚಿಂಕಾರ, ಏಕೆಂದರೆ ಹಿರಿಯೂರಿಗೆ ತಾಗಿದ ಶಿರಾ ಸೀಮೆಯ ಬುಕ್ಕಾಪಟ್ಟಣದ ಕಾಡು 2019ರಲ್ಲಿ ಚಿಂಕಾರ ಧಾಮವೇ ಆಯಿತು, ಮತ್ತು ಕಾಡುಕುರಿ. ಚಿಂಕಾರದ ಹೆಣ್ಣಿಗೂ ತೆಳುವಾದ ಕೊಂಬಿರುವುದು ವಾಡಿಕೆ, ಹಾಗಾಗಿ ಅದರ ಸಾಧ್ಯತೆ ಕಡಿಮೆ, ಆದರೆ ಎಳೆಯದಾಗಿದ್ದರೆ ತಳ್ಳಿಹಾಕುವಂತಿಲ್ಲ.

ಮೊದಲ ಉತ್ತರ ಕೊಟ್ಟವರು ಈ ಪಟ್ಟಿ ಮಾಡಲಿಲ್ಲ. ಧಾಮದ ಹೆಸರು ಕೊಂಡುಕುರಿ, ಕೊಂಡುಕುರಿಯ ಕಣ್ಣಮುಂದೆ ವಾಸನೆ ಗ್ರಂಥಿಯ ದೊಡ್ಡ ಕುಳಿ ಇರುತ್ತದೆ, ಈ ಬುರುಡೆಯಲ್ಲೂ ಕುಳಿ ಇದೆ, ಆದ್ದರಿಂದ ಕೊಂಡುಕುರಿ. ತರ್ಕದ ಸರಪಳಿ ಚಂದ ಕಾಣುತ್ತದೆ. ಆದರೆ ಕುರಿಗೂ ಕಣ್ಣಮುಂದೆ ಗ್ರಂಥಿ ಇದೆ, ಕಣ್ಣೀರ ಮೂಳೆಯಲ್ಲಿ ಅದಕ್ಕೊಂದು ಕುಳಿಯೂ ಇದೆ. ಮೇಕೆಗೆ ಇಲ್ಲ. ಕುಳಿ ಇದ್ದ ಮಾತ್ರಕ್ಕೆ ಮೇಕೆಯನ್ನು ಬಿಡಬಹುದು, ಕುರಿಯನ್ನು ಬಿಡುವಂತಿಲ್ಲ.

ಫೋಟೊ ಮಾಡಿದ ಮೋಸವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಸಂಜೆಯ ಬಿಸಿಲು ಬುರುಡೆಯ ಹಿಂದಿನಿಂದ ಓರೆಯಾಗಿ ಬಿದ್ದಿತ್ತು. ಕಣ್ಣುಗೂಡಿನ ಅಂಚಿನ ನೆರಳು ಸರಿಯಾಗಿ ಕುಳಿಯೊಳಗೆ ಬಿದ್ದು ಅದನ್ನು ಕಪ್ಪು ತೂತಿನಂತೆ ತೋರಿಸಿತು. ಮೊಬೈಲನ್ನು ಒಂದು ಗೇಣು ದೂರದಲ್ಲಿ ಹಿಡಿದದ್ದರಿಂದ ಮೂತಿಯ ಭಾಗ ದೊಡ್ಡದಾಗಿ, ಹಿಂತಲೆ ಚಿಕ್ಕದಾಗಿ ಬಂತು. ಅಳತೆಪಟ್ಟಿ ಇಟ್ಟಿರಲಿಲ್ಲ. ಅದೇ ಬುರುಡೆಯನ್ನು ನೆರಳಿನಲ್ಲಿ, ಬಿಳಿ ಬಟ್ಟೆಯ ಮೇಲೆ, ಒಂದು ಮೀಟರ್ ದೂರದಿಂದ ಜೂಮ್ ಮಾಡಿ, ಪಕ್ಕದಲ್ಲಿ ಮೂಳೆಯ ಮಟ್ಟಕ್ಕೇ ಅಳತೆಪಟ್ಟಿ ಎತ್ತಿಟ್ಟು ತೆಗೆದಾಗ ಕುಳಿ ಬರೀ ತಗ್ಗಾಯಿತು. ಕ್ಯಾಲಿಪರಿನ ಆಳದ ಕಡ್ಡಿಯಿಂದ ನೋಡಿದರೆ 3 ಮಿಲಿಮೀಟರ್ ಆಸುಪಾಸು, ಅಂಚುಗಳು ನಯವಾಗಿ ಇಳಿಜಾರು. ಕೊಂಡುಕುರಿಯಲ್ಲಿ ಈ ಕುಳಿ ಕಣ್ಣೀರ ಮೂಳೆಯ ಮುಖವನ್ನು ಬಹುಪಾಲು ಆವರಿಸುವಷ್ಟು ದೊಡ್ಡದು, ಆಳವಾದದ್ದು. ಮೇಲಿನಿಂದ, ಕೆಳಗಿನಿಂದ, ಎರಡೂ ಪಕ್ಕದಿಂದ, ಹಿಂದಿನಿಂದ ಹೀಗೆ ಐದು ಫೋಟೊ ಇಲ್ಲದೆ ಬುರುಡೆಗೆ ಹೆಸರು ಹೇಳಲೇಬಾರದು. ಕೇಳಿದವರಿಗೆ ಬೇಸರವಾದರೂ ‘ಇನ್ನು ನಾಲ್ಕು ಚಿತ್ರ ಕಳಿಸಿ’ ಎಂದು ಹೇಳುವುದೇ ಸರಿಯಾದ ಉತ್ತರ.

ಮೇಜಿನ ಮೇಲೆ

ಕಾಡುಕುರಿಯನ್ನು ಬಿಡುವುದು ಬೇಗ ಮುಗಿಯಿತು. ಕಾಡುಕುರಿಗೆ ಮೇಲ್ದವಡೆಯಲ್ಲಿ ಕೋರೆಹಲ್ಲು ಇರುತ್ತದೆ, ಕುರಿ, ಹುಲ್ಲೆಗಳಿಗೆ ಇರುವುದಿಲ್ಲ. ಆದರೆ ಇಲ್ಲಿ ಮೂತಿ ಮುರಿದು ಆ ಜಾಗವೇ ಹೋಗಿತ್ತು. ಆಗ ನೋಡಬೇಕಾದ್ದು ಕಣ್ಣೀರ ನಾಳದ ರಂಧ್ರ. ಜಿಂಕೆ ಕುಟುಂಬದಲ್ಲಿ ಕಣ್ಣುಗೂಡಿನ ಅಂಚಿನ ಮೇಲೇ ಎರಡು ಸಣ್ಣ ರಂಧ್ರಗಳಿರುತ್ತವೆ. ಕುರಿ, ಹುಲ್ಲೆಗಳ ಕುಟುಂಬದಲ್ಲಿ ಸಾಮಾನ್ಯವಾಗಿ ಅಂಚಿನ ಒಳಗೆ ಒಂದೇ. ಈ ಬುರುಡೆಯಲ್ಲಿ ಎರಡೂ ಕಡೆ ಒಂದೇ ರಂಧ್ರ, ಒಳಗೆ. ಮಣ್ಣು ತುಂಬಿದ್ದರೆ ರಂಧ್ರ ಕಾಣುವುದಿಲ್ಲ, ಒಣ ಬ್ರಷ್ಷಿನಿಂದ ತೆಗೆದೇ ಎಣಿಸಬೇಕು.

ಅಳತೆಯ ಹಂತದಲ್ಲಿ ಎರಡನೆಯ ತಪ್ಪು ಇಣುಕಿತು. ಬುರುಡೆಯ ಒಟ್ಟು ಉದ್ದವನ್ನು, ಮುರಿದ ತುದಿ ಇಷ್ಟಿರಬಹುದು ಎಂದು ಅಂದಾಜಿಸಿ, ಕೋಷ್ಟಕದಲ್ಲಿ ತುಂಬಲಾಯಿತು. ಅಂದಾಜಿನ ಅಂಕಿ ಅಳತೆಯ ಸಾಲಿನಲ್ಲಿ ಕೂತರೆ ಆಮೇಲೆ ಅದನ್ನು ಬೇರೆ ಮಾಡಲು ಯಾರಿಂದಲೂ ಆಗದು. ಮುರಿದ ಬುರುಡೆಯಲ್ಲಿ ಆ ಖಾನೆಯನ್ನು ಖಾಲಿ ಬಿಟ್ಟು, ಪೂರ್ತಿ ಉಳಿದಿರುವ ಭಾಗಗಳನ್ನು ಅಳೆಯಬೇಕು: ಕೆನ್ನೆಮೂಳೆಗಳ ನಡುವಿನ ಅತಿ ಹೆಚ್ಚು ಅಗಲ, ಕಣ್ಣುಗೂಡಿನ ವ್ಯಾಸ, ಮೇಲಿನ ಹಲ್ಲುಸಾಲಿನ ಉದ್ದ, ಕಿವಿಯ ಕೆಳಗಿನ ಮೂಳೆಗುಳ್ಳೆಯ ಉದ್ದ. ಪ್ರತಿ ಅಳತೆಯನ್ನು ಹಿಂದಿನ ಅಂಕಿ ಮುಚ್ಚಿಟ್ಟು, ಬೇರೆ ಬೇರೆ ದಿನ ಮೂರು ಸಲ ತೆಗೆಯಬೇಕು. ಅಳೆಯುವವರು ಬದಲಾದರೆ ಕ್ಯಾಲಿಪರಿನ ಒತ್ತಡ ಬದಲಾಗುತ್ತದೆ, ಕೆನ್ನೆಮೂಳೆಯಂಥ ತೆಳು ಕಮಾನು ಒತ್ತಿದರೆ ಬಗ್ಗುತ್ತದೆ.

ಈ ಅಳತೆಗಳಲ್ಲಿ ಬುರುಡೆ ಬೆಳೆದ ಕೊಂಡುಕುರಿಯ ಗಾತ್ರಕ್ಕೆ ಹತ್ತಿರ ಬಂತು. ಕೊಂಡುಕುರಿ ಸಣ್ಣ ಪ್ರಾಣಿ. ಭುಜದೆತ್ತರ 55ರಿಂದ 65 ಸೆಂಟಿಮೀಟರ್, ತೂಕ ಸುಮಾರು 17ರಿಂದ 22 ಕಿಲೋ. ಹೀಗಾಗಿ ‘ಗಾತ್ರವೂ ಹೊಂದುತ್ತದೆ’ ಎಂಬ ಸಾಲು ವರದಿಯ ಕರಡಿಗೆ ಸೇರಿತು. ಅದೇ ದಿನ ಹಲ್ಲುಗಳನ್ನು ಎಣಿಸಿದವರು ‘ಹಿಂದವಡೆ ಹಲ್ಲು ಮೂರು, ಪೂರ್ಣ ಬೆಳೆದದ್ದು’ ಎಂದೂ ಬರೆದರು. ಇಲ್ಲಿಗೆ ಮೂರನೆಯ ತಪ್ಪು, ಎಲ್ಲಕ್ಕಿಂತ ಆಸಕ್ತಿಯದು.

ಬೆಳೆದ ಕುರಿಯಾಗಲಿ ಹುಲ್ಲೆಯಾಗಲಿ, ಮೇಲ್ದವಡೆಯ ಪ್ರತಿ ಪಕ್ಕದಲ್ಲಿ ಆರು ಹಲ್ಲು: ಮುಂದವಡೆ ಮೂರು, ಹಿಂದವಡೆ ಮೂರು. ಮರಿಯಲ್ಲಿ ಮುಂದವಡೆಯ ಜಾಗದಲ್ಲಿ ಮೂರು ಹಾಲುಹಲ್ಲು. ಇವುಗಳಲ್ಲಿ ಕಡೆಯದು ನೋಡಲು ಥೇಟ್ ಹಿಂದವಡೆ ಹಲ್ಲಿನಂತೆ ಇರುತ್ತದೆ: ಅಗಲ, ನಾಲ್ಕು ಅರ್ಧಚಂದ್ರದ ಏಣು, ಎಲ್ಲವೂ. ಅದನ್ನು ಹಿಂದವಡೆ ಎಂದು ಎಣಿಸಿದರೆ ಅದರ ಹಿಂದಿನ ಎರಡು ಸೇರಿ ಮೂರಾಗುತ್ತದೆ, ಮರಿ ‘ಪೂರ್ಣ ಬೆಳೆದದ್ದು’ ಆಗಿಬಿಡುತ್ತದೆ. ತಪ್ಪು ಹಿಡಿಯುವ ದಾರಿ ಸರಳ. ಒಟ್ಟು ಎಣಿಸಿ. ಇಲ್ಲಿ ಪ್ರತಿ ಪಕ್ಕದಲ್ಲಿ ಇದ್ದದ್ದು ಐದೇ. ಐದನೆಯದರ ಹಿಂದೆ ಮೂಳೆಯಲ್ಲಿ ಒಂದು ಗೂಡು, ಅದರೊಳಗೆ ಇನ್ನೂ ಮೇಲೆ ಬರದ ಹಲ್ಲಿನ ತುದಿ. ಕುರಿಗಾಹಿ ಬೆರಳಾಡಿಸಿ ತೋರಿಸಿದ್ದು ಇದನ್ನೇ. ಸವೆತವೂ ಗುಟ್ಟು ಬಿಟ್ಟುಕೊಡುತ್ತದೆ: ಕಡೆಯ ಹಾಲುಹಲ್ಲು ಅದರ ಹಿಂದಿನ ಹಲ್ಲಿಗಿಂತ ಹೆಚ್ಚು ಸವೆದಿರುತ್ತದೆ, ಏಕೆಂದರೆ ಮೊದಲು ಬಂದದ್ದು ಅದು.

ಸಂಶಯ ಉಳಿಯಬಾರದೆಂದು ಹಲ್ಲುಸಾಲಿಗೆ ಎಕ್ಸ್‌ರೇ ತೆಗೆಸಲಾಯಿತು. ದಂತವೈದ್ಯಕೀಯ ಕಾಲೇಜುಗಳಿರುವ ದಾವಣಗೆರೆಯಲ್ಲಿ ಇದು ಕಷ್ಟದ ಕೆಲಸವಲ್ಲ. ಮನುಷ್ಯರ ದವಡೆಗೆ ಬಳಸುವ ಸಣ್ಣ ಫಿಲ್ಮನ್ನು ಅಂಗುಳಿನ ಕಡೆಯಿಂದ ಹಲ್ಲುಸಾಲಿಗೆ ಒತ್ತಿ ಇಟ್ಟು ಹೊರಗಿನಿಂದ ಕಿರಣ ಹಾಯಿಸಿದರೆ ಸಾಕು. ಚಿತ್ರದಲ್ಲಿ ಮುಂದಿನ ಮೂರು ಹಲ್ಲುಗಳ ಬೇರಿನ ನಡುವೆ ಶಾಶ್ವತ ಹಲ್ಲುಗಳ ಮೊಗ್ಗು ಸ್ಪಷ್ಟವಾಗಿ ಕಂಡವು. ಕುರಿಯಲ್ಲಿ ಎರಡನೆಯ ಹಿಂದವಡೆ ಹಲ್ಲು 9ರಿಂದ 12 ತಿಂಗಳಲ್ಲಿ, ಮೂರನೆಯದು 18ರಿಂದ 24 ತಿಂಗಳಲ್ಲಿ ಬರುತ್ತದೆ. ಹಾಲಿನ ಮುಂದವಡೆಗಳು ಬಿದ್ದು ಶಾಶ್ವತ ಹಲ್ಲು ಬರುವುದೂ ಸುಮಾರು ಎರಡು ವರ್ಷದ ಹೊತ್ತಿಗೆ. ಆದ್ದರಿಂದ ಇದು ಒಂಬತ್ತು ತಿಂಗಳು ದಾಟಿದ, ಎರಡು ವರ್ಷ ತುಂಬದ ಪ್ರಾಣಿ.

ಈಗ ಗಾತ್ರದ ಸಾಲನ್ನು ಮತ್ತೆ ಓದಬೇಕು. ಬೆಳೆದ ಕೊಂಡುಕುರಿಯಷ್ಟು ದೊಡ್ಡ ಬುರುಡೆ, ಆದರೆ ಬಾಯಲ್ಲಿ ಹಾಲುಹಲ್ಲು. ಅಂದರೆ ಇನ್ನೂ ಬೆಳೆಯಲಿದ್ದ ಪ್ರಾಣಿ, ಬೆಳೆದಿದ್ದರೆ ಕೊಂಡುಕುರಿಯನ್ನು ಮೀರುತ್ತಿತ್ತು. ಕೊಂಡುಕುರಿಯ ಪರವಾಗಿ ಬರೆದ ಸಾಕ್ಷ್ಯವೇ ಅದರ ವಿರುದ್ಧ ತಿರುಗಿತು. ವಯಸ್ಸು ಹೇಳದ ಗಾತ್ರ ಯಾವ ಪ್ರಭೇದದ ಪರವಾಗಿಯೂ ಸಾಕ್ಷಿಯಲ್ಲ.

ಚಿಂಕಾರವೂ ಸಣ್ಣ ಪ್ರಾಣಿಯಾದ್ದರಿಂದ ಇದೇ ತರ್ಕದಲ್ಲಿ ಹೊರಬಿತ್ತು. ಉಳಿದದ್ದು ಕುರಿ ಅಥವಾ ಎಳೆಯ ಕೃಷ್ಣಮೃಗ. ಎರಡರ ಹಲ್ಲೂ ಎತ್ತರದ ಕಿರೀಟದವು, ಹುಲ್ಲು ಮೇಯುವ ಬಾಯಿ. ಹಾಗಾಗಿ ಹಲ್ಲು ಇಲ್ಲಿ ನೆರವಾಗದು; ಚಿಗುರು, ಕಾಯಿ ಹೆಚ್ಚು ತಿನ್ನುವ ಕೊಂಡುಕುರಿಯ ತಗ್ಗು ಹಲ್ಲನ್ನು ಬೇರ್ಪಡಿಸಲು ಮಾತ್ರ ಅದು ಒದಗುತ್ತದೆ. ಕೃಷ್ಣಮೃಗದಲ್ಲಿ ಕಿವಿಯ ಕೆಳಗಿನ ಮೂಳೆಗುಳ್ಳೆ ಊದಿಕೊಂಡಿರುತ್ತದೆ, ಕಣ್ಣಮುಂದಿನ ಕುಳಿ ಆಳ. ಕುರಿಯಲ್ಲಿ ಗುಳ್ಳೆ ಸಣ್ಣದು, ಚಪ್ಪಟೆ; ಕುಳಿ ಆಳವಿಲ್ಲ. ಇಲ್ಲಿ ಎರಡೂ ಗುರುತು ಕುರಿಯ ಕಡೆ. ಹಣೆಮೂಳೆ ಮತ್ತು ನೆತ್ತಿಮೂಳೆ ಕೂಡುವ ಗೆರೆ ನಡುವಿನಲ್ಲಿ ಮುಂದಕ್ಕೆ ಕೋನವಾಗಿ ಬಾಗಿತ್ತು, ಅದೂ ಕುರಿಯ ಲಕ್ಷಣ. ಮೇಕೆಯಲ್ಲಿ ಆ ಗೆರೆ ಹೆಚ್ಚುಕಡಿಮೆ ನೇರ. ವಯಸ್ಸಾದ ಪ್ರಾಣಿಯಲ್ಲಿ ಈ ಗೆರೆ ಬೆಸೆದು ಮಾಯವಾಗುತ್ತದೆ, ಎಳೆಯ ಬುರುಡೆಯಾದದ್ದರಿಂದ ಓದಲು ಸಿಕ್ಕಿತು.

ಇಂಥ ಹೋಲಿಕೆಗೆ ಚಿತ್ರಪುಸ್ತಕ ಸಾಲದು, ಪಕ್ಕದಲ್ಲಿ ಬುರುಡೆಗಳೇ ಬೇಕು. ಕಾಡುಪ್ರಾಣಿಗಳದ್ದಕ್ಕೆ 1916ರಲ್ಲಿ ಸ್ಥಾಪನೆಯಾದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ, 1911ರಲ್ಲಿ ಸಸ್ತನಿ ಸಮೀಕ್ಷೆ ಶುರುಮಾಡಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಇವುಗಳ ಸಂಗ್ರಹಕ್ಕೆ ಹೋಗಿ ಅಳೆದು ಬರಬೇಕು. ಊರಿನ ಕುರಿ, ಮೇಕೆಯದ್ದನ್ನು ಮಾತ್ರ ಪ್ರತಿ ಕಾಲೇಜೂ ತಾನೇ ಕೂಡಿಡಬೇಕು, ಮತ್ತು ಇದನ್ನೇ ಯಾರೂ ಮಾಡುವುದಿಲ್ಲ. ಮಾಂಸದಂಗಡಿಯಿಂದ ತಳಿ, ಲಿಂಗ, ವಯಸ್ಸು ಗೊತ್ತಿರುವ ಹತ್ತು ತಲೆ ತಂದರೆ ಸಾಕು. ಮಾಂಸ ಬಿಡಿಸಿ, ಮುಚ್ಚಳದ ಬಕೆಟ್ಟಿನಲ್ಲಿ ತಣ್ಣೀರಿಗೆ ಹಾಕಿ, ವಾರಕ್ಕೊಮ್ಮೆ ಅರ್ಧ ನೀರು ಬದಲಿಸುತ್ತಾ ಬಂದರೆ ನಮ್ಮ ಬೇಸಗೆಯಲ್ಲಿ ಮೂರು ನಾಲ್ಕು ವಾರಕ್ಕೆ ಮೂಳೆ ಬಿಡುತ್ತದೆ. ನೀರು ಚೆಲ್ಲುವಾಗ ಜರಡಿ ಹಿಡಿಯಬೇಕು, ಇಲ್ಲವಾದರೆ ಸಡಿಲವಾದ ಹಲ್ಲು ಚರಂಡಿ ಪಾಲು. ಕುದಿಸಿದರೆ ಕೊಬ್ಬು ಮೂಳೆಯೊಳಗೆ ಇಳಿದು ಹಳದಿಯಾಗುತ್ತದೆ, ಹಲ್ಲು ಸೀಳುತ್ತದೆ. ಬ್ಲೀಚಿಂಗ್ ಪುಡಿ ಮೂಳೆಯನ್ನೇ ಸುಣ್ಣದಂತೆ ಉದುರಿಸುತ್ತದೆ. ಬಿಳುಪು ಬೇಕೇ ಬೇಕೆಂದರೆ 3 ಪ್ರತಿಶತದ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಒಂದು ದಿನ.

ಡಿಎನ್ಎ ಹೇಳಿದ್ದು, ಹೇಳದೆ ಉಳಿದದ್ದು

ಮಹಜರಿನಲ್ಲಿ ‘ಕೊಂಡುಕುರಿ ಎಂಬ ಶಂಕೆ’ ಎಂದು ಈಗಾಗಲೇ ಬರೆದಿದ್ದರಿಂದ ಮೂಳೆಯ ಲಕ್ಷಣಗಳಿಗೆ ನಿಲ್ಲದೆ ಡಿಎನ್ಎ ಪರೀಕ್ಷೆಯೂ ಬೇಕಾಯಿತು. ವನ್ಯಜೀವಿ ಅಪರಾಧದ ಪರೀಕ್ಷೆಗಳನ್ನು ಹೈದರಾಬಾದಿನ ಜೀವಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರದ (ಸಿಸಿಎಂಬಿ) ಲಾಕೋನ್ಸ್ ಘಟಕ, ಡೆಹ್ರಾಡೂನಿನ ವನ್ಯಜೀವಿ ಸಂಸ್ಥೆಯಂಥ ಕಡೆ ಮಾಡುತ್ತಾರೆ. ಅಲ್ಲಿಗೆ ಮಾದರಿ ಹೋಗಬೇಕಾದ್ದು ಮೊಹರಾಗಿ, ಇಲಾಖೆಯ ಪತ್ರದೊಂದಿಗೆ.

ಮಾದರಿ ತೆಗೆಯುವುದು ತೊಳೆಯುವ ಮುನ್ನ. ಹಲ್ಲಿನ ಬೇರು ಒಳ್ಳೆಯ ಜಾಗ, ದವಡೆಯ ಮೂಳೆ ಅದನ್ನು ಬಿಸಿಲಿನಿಂದ ಕಾಪಾಡಿರುತ್ತದೆ. ಮೇಲ್ಪದರ ಕೆರೆದು ಬಿಸಾಡಿ, ನಿಧಾನಗತಿಯ ಡ್ರಿಲ್ಲಿನಲ್ಲಿ 50ರಿಂದ 100 ಮಿಲಿಗ್ರಾಂ ಪುಡಿ ತೆಗೆಯಬೇಕು. ಡ್ರಿಲ್ ಜೋರಾದರೆ ಮೂಳೆ ಸುಟ್ಟ ವಾಸನೆ ಬರುತ್ತದೆ. ಆ ವಾಸನೆ ಬಂತೆಂದರೆ ಡಿಎನ್ಎ ಹೋಯಿತು. ಪುಡಿಯ ಸುಣ್ಣವನ್ನು ಇಡಿಟಿಎ ದ್ರಾವಣ ಕರಗಿಸುತ್ತದೆ, ಪ್ರೋಟಿನೇಸ್ ಕೆ ಕಿಣ್ವ 56 ಡಿಗ್ರಿಯಲ್ಲಿ ರಾತ್ರಿಯಿಡೀ ಪ್ರೋಟೀನನ್ನು ಜೀರ್ಣಿಸುತ್ತದೆ, ಸಿಲಿಕಾ ಪೊರೆ ಡಿಎನ್ಎಯನ್ನು ಹಿಡಿದುಕೊಳ್ಳುತ್ತದೆ. ಬಿಸಿಲಿಗೆ ಬಿದ್ದ ಮೂಳೆಯಲ್ಲಿ ಡಿಎನ್ಎ ತುಂಡುತುಂಡಾಗಿರುವುದರಿಂದ ಮೈಟೋಕಾಂಡ್ರಿಯದ ಗಿಡ್ಡ ಭಾಗಗಳನ್ನೇ, 300-400 ಅಕ್ಷರಗಳಷ್ಟನ್ನು, ಗುರಿ ಮಾಡಬೇಕು. ಪ್ರತಿ ಸಲವೂ ಪುಡಿ ಹಾಕದ ಖಾಲಿ ನಳಿಕೆಯೊಂದನ್ನು ಜೊತೆಗೆ ಓಡಿಸಬೇಕು; ಅದರಲ್ಲೂ ಡಿಎನ್ಎ ಕಂಡರೆ ಹೊರಗಿನದು ಸೇರಿದೆ ಎಂದರ್ಥ.

ಮೊದಲ ಸುತ್ತಿನ ಮಾದರಿಯನ್ನು ಹಣೆಮೂಳೆಯ ಮೇಲ್ಭಾಗದಿಂದ ತೆಗೆದಿದ್ದರು. ಬಂದ ಅನುಕ್ರಮ ಮನುಷ್ಯನದು. ಹೊಲದಲ್ಲಿ ಬರಿಗೈಯಲ್ಲಿ ಹಿಡಿದದ್ದು ಅಲ್ಲೇ. ಎರಡನೆಯ ಸುತ್ತಿನಲ್ಲಿ ಹಲ್ಲಿನ ಬೇರಿನಿಂದ ತೆಗೆದ ಪುಡಿ ಸಾಕುಕುರಿಯ ಅನುಕ್ರಮಕ್ಕೆ ಹೊಂದಿತು, ಖಾಲಿ ನಳಿಕೆ ಖಾಲಿಯಾಗಿಯೇ ಉಳಿಯಿತು. ಕುರಿನಾಡಿನಲ್ಲಿ ಕುರಿಯ ಡಿಎನ್ಎ ಗಾಳಿಯಲ್ಲೇ ಇದೆ ಎನ್ನಬೇಕು, ಕೈಗೆ, ಬಟ್ಟೆಗೆ, ಚೀಲಕ್ಕೆ ಎಲ್ಲಕ್ಕೂ ಅಂಟಿರುತ್ತದೆ. ಆದ್ದರಿಂದ ಡಿಎನ್ಎ ಒಂದನ್ನೇ ನೆಚ್ಚಿ ತೀರ್ಪು ಕೊಟ್ಟಿದ್ದರೆ ಅದೂ ಅರೆಬರೆಯಾಗುತ್ತಿತ್ತು. ಹಲ್ಲು, ಕುಳಿ, ಮೂಳೆಗುಳ್ಳೆ, ಸೇರುಗೆರೆ ನಾಲ್ಕೂ ಸ್ವತಂತ್ರವಾಗಿ ಅದೇ ಕಡೆ ಬೊಟ್ಟು ಮಾಡಿದ್ದರಿಂದ ಹೆಸರು ನಿಂತಿತು.

ಬುರುಡೆ ಸಿಕ್ಕ ಜಾಗದಿಂದ ಸ್ವಲ್ಪ ಒಳಗೆ, ಕಮರದ ಮರದ ಕೆಳಗೆ ಒಂದು ಹಿಕ್ಕೆಗುಪ್ಪೆಯೂ ಇತ್ತು. ಕೊಂಡುಕುರಿ ಮತ್ತೆ ಮತ್ತೆ ಒಂದೇ ಜಾಗದಲ್ಲಿ ಹಿಕ್ಕೆ ಹಾಕುತ್ತದೆ, ಆದ್ದರಿಂದ ಗುಪ್ಪೆ ಒಳ್ಳೆಯ ಸುಳಿವು. ಮೇಯುತ್ತಾ ನಡೆಯುವ ಕುರಿಮಂದೆಯ ಹಿಕ್ಕೆ ದಾರಿಯುದ್ದ ಚೆದುರಿರುತ್ತದೆ. ಆದರೆ ಚಿಂಕಾರ, ಕೃಷ್ಣಮೃಗಗಳೂ ಗುಪ್ಪೆ ಮಾಡುತ್ತವೆ, ಮಂದೆ ರಾತ್ರಿ ತಂಗಿದ ಜಾಗವೂ ಗುಪ್ಪೆಯಂತೆ ಕಂಡೀತು. ಹಳತು ಹೊಸತು ಪದರಗಳಿವೆಯೇ, ಕೆಳಗಿನದು ಬಿಳಿಚಿ ಮೇಲಿನದು ಕಪ್ಪಾಗಿ ಮಿರುಗುತ್ತಿದೆಯೇ ನೋಡಬೇಕು. ಇಲ್ಲಿ ಪದರಗಳಿದ್ದವು. ಮಿರುಗುವ ಹಿಕ್ಕೆಗಳನ್ನಷ್ಟೇ ಆರಿಸಿ, ಒಂದೊಂದನ್ನೂ ಬೇರೆ ಬೇರೆ ಎಥನಾಲ್ ಸೀಸೆಗೆ ಹಾಕಲಾಯಿತು. ಹಿಕ್ಕೆಯ ಮೇಲಿನ ಲೋಳೆಪದರದಲ್ಲಿ ಕರುಳಿನ ಕೋಶಗಳಿರುತ್ತವೆ, ಬೇಸಗೆಯ ಬಿಸಿಲು ಅದನ್ನು ಕೆಲವೇ ದಿನಗಳಲ್ಲಿ ಕೆಡಿಸುತ್ತದೆ. ಒಂದರಿಂದಲೂ ಓದಬಲ್ಲ ಅನುಕ್ರಮ ಬರಲಿಲ್ಲ. ಈ ಕೆಲಸವನ್ನು ಚಳಿಗಾಲದ ಬೆಳಿಗ್ಗೆ ಮಾಡಬೇಕು.

ಗುಪ್ಪೆಯ ದಾರಿಗೆ ಎರಡು ಕ್ಯಾಮೆರಾಗಳನ್ನು ಮೊಣಕಾಲೆತ್ತರಕ್ಕೆ, ಸೂರ್ಯನಿಗೆ ಎದುರಾಗದಂತೆ ಉತ್ತರ ದಕ್ಷಿಣವಾಗಿ ಕಟ್ಟಿ ಒಂದು ತಿಂಗಳು ಬಿಡಲಾಯಿತು. ನಾಯಿ, ಮೊಲ, ನರಿ, ಕುರಿಮಂದೆ ಬಂದವು. ಒಂದು ರಾತ್ರಿಯ ಚಿತ್ರದಲ್ಲಿ ಚೌಕಟ್ಟು ದಾಟಿಹೋಗುತ್ತಿರುವ ಗೊರಸುಪ್ರಾಣಿಯೊಂದರ ಹಿಂಭಾಗ ಮಾತ್ರ ಇತ್ತು. ಕೊಂಡುಕುರಿಯನ್ನು ಫೋಟೊದಲ್ಲಿ ಹೇಳಲು ಮುಂಗಾಲಿನ ಎದುರುಭಾಗದ ಉದ್ದನೆಯ ಕಪ್ಪು ಪಟ್ಟೆ ಬೇಕು. ಚಿಂಕಾರಕ್ಕೆ ಮುಖದ ಪಟ್ಟೆ, ಕೃಷ್ಣಮೃಗದ ಹೆಣ್ಣಿಗೆ ಪಕ್ಕೆಯಲ್ಲಿ ಕಂದು ಬಿಳಿ ಬೇರ್ಪಡುವ ಸ್ಪಷ್ಟ ಗಡಿ. ಆ ಚಿತ್ರದಲ್ಲಿ ಇದಾವುದೂ ಇಲ್ಲ. ಹೇಳಬೇಕೆಂಬ ಆಸೆ ಎಷ್ಟೇ ಇದ್ದರೂ ಅದನ್ನು ‘ನಿರ್ಧರಿಸಲಾಗದ ಗೊರಸುಪ್ರಾಣಿ’ ಎಂಬ ಕಡತಕ್ಕೆ ಹಾಕಲಾಯಿತು. ಮಳೆ ಬಿದ್ದು ಹುಲ್ಲು ಎದ್ದ ಮೇಲೆ ಅದೇ ಜಾಗದಲ್ಲಿ ಕ್ಯಾಮೆರಾ ಮತ್ತೆ ಕಟ್ಟುವ ತೀರ್ಮಾನವಾಯಿತು, ಈ ಸಲ ದಾರಿಗೆ ಅಡ್ಡಲಾಗಿ ಅಲ್ಲ, ಓರೆಯಾಗಿ, ಪ್ರಾಣಿ ಚೌಕಟ್ಟಿನಲ್ಲಿ ಹೆಚ್ಚು ಹೊತ್ತು ಇರುವಂತೆ.

ವರದಿ ಬಂದ ಮೇಲೆ ಇಲಾಖೆಯ ಕಡತ ಮುಚ್ಚಿತು. ಹೊಲದ ರೈತನ ತಲೆಯ ಮೇಲಿದ್ದ ತೂಗುಗತ್ತಿ ತಪ್ಪಿತು. ಬುರುಡೆ ಕಾಲೇಜಿನ ಹೋಲಿಕೆ ಸಂಗ್ರಹಕ್ಕೆ ಬಂತು. ಹಲ್ಲಿನ ಹಂತ ಇಷ್ಟು ಚೆನ್ನಾಗಿ ಕಾಣುವ ಮಾದರಿ ಪಾಠಕ್ಕೆ ಬಲು ಉಪಯೋಗಿ. ಕೆನ್ನೆಮೂಳೆಗೆ ಹತ್ತಿದಾರದಲ್ಲಿ ಮೊದಲ ಚೀಟಿ ಕಟ್ಟಿತ್ತು: ‘ಕೊಂಡುಕುರಿ, ಹೆಣ್ಣು’. ಅದನ್ನು ಕೀಳುವಂತಿಲ್ಲ, ತಿದ್ದುವಂತಿಲ್ಲ. ಯಾರು, ಯಾವಾಗ, ಏನೆಂದು ತಿಳಿದಿದ್ದರು ಎಂಬುದೂ ಮಾದರಿಯ ಚರಿತ್ರೆಯೇ. ಅದೇ ದಾರದಲ್ಲಿ ಎರಡನೆಯ ಚೀಟಿ ಸೇರಿತು, ಗಟ್ಟಿ ಹತ್ತಿಕಾಗದದ ಮೇಲೆ ಪೆನ್ಸಿಲಿನಲ್ಲಿ, ಏಕೆಂದರೆ ಬಾಲ್‌ಪೆನ್ ಶಾಯಿ ಕೆಲವೇ ವರ್ಷಗಳಲ್ಲಿ ಮಾಸುತ್ತದೆ. ಪ್ರಭೇದ: ಓವಿಸ್ ಏರೀಸ್, ಸಾಕುಕುರಿ. ವಯಸ್ಸು: ಎರಡನೆಯ ಹಿಂದವಡೆ ಬಂದಿದೆ, ಮೂರನೆಯದು ಬಂದಿಲ್ಲ. ಆಧಾರ: ಹಲ್ಲು, ಎಕ್ಸ್‌ರೇ, ಡಿಎನ್ಎ. ಈ ತಳಿಯ ಟಗರಿಗೂ ಕೊಂಬಿಲ್ಲದಿರುವುದೇ ಹೆಚ್ಚು. ಹಾಗಾಗಿ ಲಿಂಗದ ಖಾನೆಯಲ್ಲಿ ಒಂದು ಅಡ್ಡಗೆರೆ.